ಬಾಕ್ಸ್ ಕೊಟ್ಟವನ ಹೆಸರು ಯಾಕೆ ಬರೆಯುವುದಿಲ್ಲ? ಅಬಕಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅಬಕಾರಿ ಸಚಿವರಿಗೆ,

ನಮಸ್ಕಾರ.

ನಾನು ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಹೆಣ್ಣುಮಗಳು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಊರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳು ನಾನೇ. ನನ್ನ ಹೆಸರು, ಊರಿನ ಹೆಸರು ಇಲ್ಲಿ ಬರೆಯುತ್ತಿಲ್ಲ. ಯಾಕೆ ಎಂದು ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ. ನಮ್ಮೂರಿನವರು ಓದಿದರೆ ಇದು ಯಾರೆಂದು ಗುರುತು ಹಿಡಿದೇ ಹಿಡಿಯುತ್ತಾರೆ. ಹಿಡಿಯಲಿ. ಇಷ್ಟು ದಿನ ಅರ್ಜಿ ಕೊಟ್ಟೆ, ಫೋನ್ ಮಾಡಿದೆ, ಕಚೇರಿ ಬಾಗಿಲಲ್ಲಿ ಕೂತೆ. ಎಲ್ಲರೂ ಓದುವ ಹಾಗೆ ಬರೆಯುವುದೊಂದು ಉಳಿದಿತ್ತು.

ಬೇಡಿಕೆ ಒಂದೇ. ಮೊದಲೇ ಹೇಳಿಬಿಡುತ್ತೇನೆ. ಹಳ್ಳಿಯಲ್ಲಿ ಅಕ್ರಮ ಮದ್ಯದ ಬಾಕ್ಸ್ ಸಿಕ್ಕಾಗ, ಅದು ಯಾವ ಲೈಸೆನ್ಸ್ ಅಂಗಡಿಯಿಂದ ಹೊರಬಿತ್ತು ಎಂದು ಹುಡುಕಿಸಿ. ಆ ಅಂಗಡಿಯವನ ಹೆಸರು ಎಫ್‌ಐಆರ್‌ನಲ್ಲಿ ಬರೆಸಿ. ಹೊತ್ತು ತಂದ ಹುಡುಗನ ಹೆಸರು ಬರೆದು ಫೈಲ್ ಮುಚ್ಚಬೇಡಿ.

ಬೆಳಿಗ್ಗೆ ಎಂಟೂವರೆಗೆ ನಾನು ಶಾಲೆಗೆ ಹೋಗುತ್ತೇನೆ. ಅಕ್ಕಿ ಆರಿಸುವ ಮೊದಲು ಅಂಗಳ ಗುಡಿಸಬೇಕು. ಗುಡಿಸಿದರೆ ಸಿಗುವುದು 90 ಎಂಎಲ್‌ನ ಮದ್ಯದ ಖಾಲಿ ಪಾಕೀಟು, ಪ್ಲಾಸ್ಟಿಕ್ ಗ್ಲಾಸು, ನೀರಿನ ಪೌಚು, ಶೇಂಗಾ ಸಿಪ್ಪೆ. ರಾತ್ರಿ ಕಾಂಪೌಂಡ್ ಹಾರಿ ಬಂದು ಕುಡಿಯುತ್ತಾರೆ. ಒಂದು ದಿನ ನಾನು ಹೋಗುವುದು ತಡವಾಯಿತು. ಒಂದನೇ ಕ್ಲಾಸಿನ ಮಕ್ಕಳು ಆ ಪಾಕೀಟುಗಳನ್ನು ಒಂದರ ಮೇಲೊಂದು ಜೋಡಿಸಿ ಮನೆ ಕಟ್ಟಿ ಆಡುತ್ತಿದ್ದರು. ಒಂದು ಹುಡುಗಿ ಪಾಕೀಟಿನ ಮೂಲೆ ಕಚ್ಚಿ ಹಿಡಿದಿದ್ದಳು. ಓಡಿ ಹೋಗಿ ಕೈಯಿಂದ ಕಿತ್ತುಕೊಂಡೆ. ಅವಳು ಅತ್ತಳು. ಆಟದ ಸಾಮಾನು ಕಿತ್ತುಕೊಂಡೆ ಎಂದು ಅತ್ತಳು.

ನಮ್ಮೂರಿನಲ್ಲಿ ಲೈಸೆನ್ಸ್ ಇರುವ ಮದ್ಯದ ಅಂಗಡಿ ಇಲ್ಲ ಸ್ವಾಮಿ. ಹತ್ತಿರದ್ದು ಅಂದರೆ 11 ಕಿಲೋಮೀಟರ್ ದೂರ. ಆದರೂ ಊರಲ್ಲಿ ನಾಲ್ಕು ಕಡೆ ಸೆರೆ ಸಿಗುತ್ತದೆ. ಎರಡು ಕಿರಾಣಿ ಅಂಗಡಿ, ಒಂದು ಎಗ್‌ರೈಸ್ ಗಾಡಿ, ಒಂದು ಮನೆ. ಬೆಳಗಿನ ಐದು ಗಂಟೆಗೂ ಸಿಗುತ್ತದೆ, ಗಾಂಧಿ ಜಯಂತಿಗೂ ಸಿಗುತ್ತದೆ. ಮಗುವಿನ ಜ್ವರಕ್ಕೆ ಗುಳಿಗೆ ಬೇಕೆಂದರೆ ಮಾತ್ರ ಬಸ್ಸಿಗೆ ಕಾಯಬೇಕು.

ಈ ನಾಲ್ಕೂ ಕಡೆಗೆ ಮಾಲು ಹಾಕುವವನು ಒಬ್ಬನೇ. ಊರಲ್ಲಿ ಅವನನ್ನು ಸಾಹುಕಾರ ಎನ್ನುತ್ತಾರೆ. ಹತ್ತು ವರ್ಷದ ಹಿಂದೆ ಬೇರೆಯವರ ಟಂಟಂ ಓಡಿಸುತ್ತಿದ್ದ ಹುಡುಗ. ಈಗ ಸುತ್ತಲಿನ ಮೂರು ಊರಿಗೆ ಅವನದೇ ಮಾಲು. ತಾಲ್ಲೂಕಿನ ಅಂಗಡಿಯಿಂದ ಕತ್ತಲಾದ ಮೇಲೆ ಬಾಕ್ಸ್ ಹೊರಗೆ ಬರುತ್ತವೆ. ಕಾಲುವೆ ದಾರಿಯಲ್ಲಿ ಬೈಕಿನ ಹುಡುಗರು ತರುತ್ತಾರೆ. ಒಂದು ಸುತ್ತಿಗೆ ಹುಡುಗನಿಗೆ 200 ರೂಪಾಯಿ. ಹತ್ತಿ ಬಿಡಿಸಲು ಬಿಸಿಲಲ್ಲಿ ದಿನಪೂರ್ತಿ ಬಗ್ಗಿದರೂ ಸಿಗುವ ಕೂಲಿ ಅವನಿಗೂ ಗೊತ್ತು, ನಮ್ಮ ಹುಡುಗರಿಗೂ ಗೊತ್ತು.

ಲೆಕ್ಕ ಬರೆಯುವವಳು ನಾನು, ಅದಕ್ಕೆ ಲೆಕ್ಕ ಹೇಳುತ್ತೇನೆ. ಒಂದು ಬಾಕ್ಸಿಗೆ 96 ಪಾಕೀಟು. ಪಾಕೀಟಿನ ಮೇಲೆ ಬರೆದ ಬೆಲೆಗಿಂತ 15 ರೂಪಾಯಿ ಜಾಸ್ತಿ ತೆಗೆದುಕೊಳ್ಳುತ್ತಾರೆ. ಬಾಕ್ಸಿಗೆ 1,440 ರೂಪಾಯಿ. ನಮ್ಮೂರೊಂದಕ್ಕೇ ದಿನಕ್ಕೆ ನಾಲ್ಕು ಬಾಕ್ಸ್ ಬರುತ್ತವೆ. ಅಂದರೆ 5,760. ತಿಂಗಳಿಗೆ 1,72,800 ರೂಪಾಯಿ. ಇದು ಮೇಲಿನ ದುಡ್ಡು ಮಾತ್ರ. ಅಡುಗೆಯವಳಾದ ನನಗೆ ತಿಂಗಳಿಗೆ ಐದು ಸಾವಿರವೂ ಸಿಗುವುದಿಲ್ಲ.

ಇಷ್ಟು ದುಡ್ಡು ಸುಮ್ನೆ ಕೂರುವುದಿಲ್ಲ. ಅದು ಬಡ್ಡಿಗೆ ಹೋಗುತ್ತದೆ. ಸಾಹುಕಾರನ ಹತ್ತಿರ ಒಂದು ಸಾಲದ ಪುಸ್ತಕ ಇದೆ. ಕುಡಿಯಲು ಸಾಲ ಕೊಡುತ್ತಾನೆ. ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿದ್ದ ದಿನ ನಮಗಿಂತ ಮೊದಲು ಅವನ ಹುಡುಗರಿಗೆ ಗೊತ್ತಾಗುತ್ತದೆ. ಹೆಂಗಸರು ದುಡ್ಡು ತೆಗೆಯುವ ಜಾಗದಲ್ಲೇ ಪುಸ್ತಕ ಹಿಡಿದು ನಿಂತಿರುತ್ತಾರೆ. ಅದೇ ಹುಡುಗರು ಮಟ್ಕಾ ಚೀಟಿ ಬರೆಯುತ್ತಾರೆ. ಅದೇ ಹುಡುಗರು ರಾತ್ರಿ ಮರಳಿನ ಟ್ರ್ಯಾಕ್ಟರ್ ಮುಂದೆ ಬೈಕಿನಲ್ಲಿ ಹೋಗಿ ದಾರಿ ಕಾಯುತ್ತಾರೆ. ಮೊದಲು ಅವರು ಹುಡುಗರಾಗಿದ್ದರು. ಈಗ ಅವರೊಂದು ಗುಂಪು. ಊರ ಕಟ್ಟೆಯ ಮೇಲೆ ಅವರು ಕೂತಿದ್ದರೆ ಹಿರಿಯರು ಸುತ್ತು ಹಾಕಿಕೊಂಡು ಮನೆಗೆ ಹೋಗುತ್ತಾರೆ.

ನಿಮ್ಮ ಇಲಾಖೆಯ ಕಣ್ಣಿಗೆ ಇದು ಪಾಕೀಟಿನ ಕೇಸು. ನಮಗೆ ಇದು ಊರನ್ನು ಯಾರು ಆಳುತ್ತಾರೆ ಎಂಬ ಪ್ರಶ್ನೆ.

ನನ್ನ ಮನೆಯ ಮಾತನ್ನೂ ಹೇಳುತ್ತೇನೆ. ಇದು ನಿಮ್ಮ ಫೈಲಿಗೆ ಬೇಕಾಗುವುದಿಲ್ಲ, ಗೊತ್ತು. ಆದರೆ ಹೇಳದೆ ಈ ಪತ್ರ ಬರೆಯಲು ನನಗೆ ಆಗುವುದಿಲ್ಲ.

ನನ್ನ ಗಂಡ ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದರು. ಆಗ ಊರ ತುದಿಯಲ್ಲಿ ಸಾರಾಯಿ ಅಂಗಡಿ ಇತ್ತು. ವಾರದ ಬಟವಾಡೆ ಮನೆಗೆ ಬರುವ ಮೊದಲು ಆ ಅಂಗಡಿಗೆ ಹೋಗುತ್ತಿತ್ತು. 2007ರ ಜುಲೈ 1ರಿಂದ ಸಾರಾಯಿ ಬಂದ್ ಎಂದಾಗ ನಾವು ಹೆಂಗಸರೆಲ್ಲ ಹನುಮಪ್ಪನಿಗೆ ಕಾಯಿ ಒಡೆಸಿದೆವು. ಸುಳ್ಳು ಹೇಳುವುದಿಲ್ಲ, ಅದಾದ ಮೇಲಿನ ಐದಾರು ತಿಂಗಳು ನನ್ನ ಸಂಸಾರದ ಒಳ್ಳೆಯ ದಿನಗಳು. ಅವರು ಸಂಜೆ ಮನೆಗೆ ಬಂದು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗುತ್ತಿದ್ದರು. ಆ ದೀಪಾವಳಿಗೆ ನನಗೆ ಇಳಕಲ್ ಸೀರೆ ತಂದರು. ಅದೊಂದೇ ಸೀರೆ ಅವರು ತಂದದ್ದು.

ಆಮೇಲೆ ಕಳ್ಳಬಟ್ಟಿ ಬಂತು. ಅದರ ಹಿಂದೆಯೇ ಈ ಪಾಕೀಟು ಬಂತು. ಅಂಗಡಿ ಮುಚ್ಚಿತ್ತು, ಆದರೆ ದಾರಿ ತೆರೆದೇ ಇತ್ತು. ಮೊದಲು ಕುಡಿಯಬೇಕಾದರೆ ಊರ ತುದಿಗೆ ಹೋಗಬೇಕಿತ್ತು. ಈಗ ಉಪ್ಪು ತರಲು ಹೋದ ಅಂಗಡಿಯಲ್ಲೇ ಸಿಗುತ್ತದೆ. ಸಾರಾಯಿ ಅಂಗಡಿಯವನು ವರ್ಷಕ್ಕೊಮ್ಮೆ ಹರಾಜು ಕೂಗಿ ಸರ್ಕಾರಕ್ಕೆ ದುಡ್ಡು ಕಟ್ಟುತ್ತಿದ್ದ, ಅವನ ಹೆಸರು ಬೋರ್ಡಿನ ಮೇಲೆ ಇರುತ್ತಿತ್ತು. ಈಗಿನವನಿಗೆ ಬೋರ್ಡೂ ಇಲ್ಲ, ಹೆಸರೂ ಇಲ್ಲ. ನನ್ನ ಗಂಡ 2014ರಲ್ಲಿ ತೀರಿಕೊಂಡರು. ಹೊಟ್ಟೆಯಲ್ಲಿ ನೀರು ತುಂಬಿತ್ತು. ವಯಸ್ಸು 41.

2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಹೆಣ್ಣುಮಕ್ಕಳು ನಡೆದೆವಲ್ಲ, ನಿಮಗೆ ನೆನಪಿರಬಹುದು. ಹನ್ನೆರಡು ದಿನ ನಡೆದೆವು. ಮದ್ಯ ನಿಷೇಧ ಮಾಡಿ ಎಂದು ಕೂಗಿದೆವು. ದಾರಿಯಲ್ಲಿ ಬೈಕ್ ಗುದ್ದಿ ನಮ್ಮ ಜೊತೆ ನಡೆಯುತ್ತಿದ್ದ ಒಬ್ಬ ಅಕ್ಕ ಸತ್ತೇ ಹೋದರು. ಕಾಲಿನ ಬೊಕ್ಕೆ ಆರುವ ಮೊದಲೇ ನಾವು ಊರಿಗೆ ವಾಪಸ್ ಬಂದೆವು. ಅಂದು ರಾತ್ರಿಯೂ ನಮ್ಮೂರಿಗೆ ಬಾಕ್ಸ್ ಬಂದಿತ್ತು.

ಈಗ ಆ ಘಟನೆ. ಇದನ್ನು ಓದಿ ಸ್ವಾಮಿ, ದಯವಿಟ್ಟು ಪೂರ್ತಿ ಓದಿ.

ಆ ಹುಡುಗಿ ಪಾಕೀಟು ಕಚ್ಚಿದ್ದ ದಿನ ನಾನು ದೂರು ಕೊಡುವ ನಂಬರಿಗೆ ಫೋನ್ ಮಾಡಿದೆ. ಸಂಜೆ ನಾಲ್ಕು ಗಂಟೆ ದಾಟಿತ್ತು. ಅಡುಗೆ ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡಿದೆ. ಎಲ್ಲೆಲ್ಲಿ ಮಾರುತ್ತಾರೆ, ಯಾವ ಹೊತ್ತಿಗೆ ಮಾಲು ಬರುತ್ತದೆ, ಎಲ್ಲ ಹೇಳಿದೆ. "ಸಾಲಿ ಮಕ್ಕಳು ಪಾಕೀಟ ಬಾಯಾಗ ಇಟಗೋತಾವ್ರಿ ಸಾಹೇಬ್ರ" ಎಂದು ಹೇಳಿದೆ. ಹೆಸರು ಗುಟ್ಟಾಗಿ ಇಡಿ ಎಂದೆ. ಆ ಕಡೆಯವರು ಚಿಂತೆ ಮಾಡಬೇಡಿ ಅಮ್ಮ ಎಂದರು.

ರಾತ್ರಿ ಏಳೂವರೆಗೆ ಸಾಹುಕಾರ ನಮ್ಮ ಮನೆಗೆ ಬಂದ. ಒಬ್ಬನೇ ಬಂದ. ಕಟ್ಟೆಯ ಮೇಲೆ ಕೂತ. ನೀರು ಕೇಳಿದ. ಕೊಟ್ಟೆ. ಕುಡಿದು ಚೊಂಬು ಕೆಳಗಿಟ್ಟು ನನ್ನದೇ ಮಾತು ನನಗೆ ಹೇಳಿದ. "ಸಾಲಿ ಮಕ್ಕಳು ಪಾಕೀಟ ಬಾಯಾಗ ಇಟಗೋತಾವ್ರಿ ಸಾಹೇಬ್ರ." ಅಕ್ಷರ ಬಿಡದೆ ಹೇಳಿದ. ಆಮೇಲೆ ಎದ್ದು ನಿಂತು, "ಅಕ್ಕಾ, ಇನ್ನ ಮ್ಯಾಲೆ ಏನರ ಇದ್ರ ನನಗ ಹೇಳ್ರಿ. ಅಲ್ಲೀತನ ಫೋನ್ ಯಾಕ ಮಾಡ್ತೀರಿ?" ಎಂದು ಹೇಳಿ ಹೋದ. ಬೈಯಲಿಲ್ಲ. ಕೈ ಎತ್ತಲಿಲ್ಲ. ಬೈದಿದ್ದರೆ ನನಗೆ ಅಷ್ಟು ಭಯ ಆಗುತ್ತಿರಲಿಲ್ಲ.

ಮೂರೂವರೆ ಗಂಟೆಯಲ್ಲಿ ನನ್ನ ಮಾತು ಸರ್ಕಾರದ ಕಿವಿಯಿಂದ ಅವನ ಕಿವಿಗೆ ಹೋಯಿತು. ನಾನು ಪಿಂಚಣಿಗೆ ಕೊಟ್ಟ ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ಏಳು ತಿಂಗಳು ತೆಗೆದುಕೊಂಡಿತ್ತು.

ಎರಡು ದಿನ ಬಿಟ್ಟು ಜೀಪು ಬಂತು. ನಾಲ್ಕೂ ಕಡೆ ನೋಡಿದರು. ಎಲ್ಲ ಕಡೆ ಗುಡಿಸಿ ಸಾರಿಸಿ ಇಟ್ಟ ಹಾಗಿತ್ತು. ಕಿರಾಣಿ ಅಂಗಡಿಯಲ್ಲಿ ಸಾಬೂನು, ಬೆಲ್ಲ. ಬಂದವರು ಬರಿಗೈಲಿ ಹೋಗುವ ಹಾಗಿಲ್ಲ, ಕೇಸು ತೋರಿಸಬೇಕಲ್ಲ. ವಾಪಸ್ ಹೋಗುವಾಗ ಕಾಲುವೆ ಸೇತುವೆಯ ಹತ್ತಿರ ಒಬ್ಬ ಹುಡುಗನನ್ನು ಹಿಡಿದರು. ಬೈಕಿನ ಮೇಲೆ ಎರಡು ಬಾಕ್ಸ್. 192 ಪಾಕೀಟು, 17.28 ಲೀಟರ್.

ಅವನು ನನ್ನ ಅಕ್ಕನ ಮಗ. 20 ವರ್ಷ. ಪಿಯುಸಿ ಅರ್ಧಕ್ಕೆ ಬಿಟ್ಟಿದ್ದ. ಅವನು ಬಾಕ್ಸ್ ಹೊರುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ.

ಎಫ್‌ಐಆರ್‌ನ ಪ್ರತಿ ನನ್ನ ಹತ್ತಿರ ಇದೆ. ಅದರಲ್ಲಿ ಹೀಗಿದೆ: "ಸದರಿ ಮದ್ಯವನ್ನು ಎಲ್ಲಿಂದ ತಂದಿರುವುದಾಗಿ ವಿಚಾರಿಸಲಾಗಿ, ಅಪರಿಚಿತ ವ್ಯಕ್ತಿಯಿಂದ ಖರೀದಿಸಿರುವುದಾಗಿ ತಿಳಿಸಿರುತ್ತಾನೆ." ಹುಡುಗ ನನ್ನ ಮುಂದೆ ಆಣೆ ಮಾಡಿ ಹೇಳಿದ. ಅವನನ್ನು ಯಾರೂ ಆ ಪ್ರಶ್ನೆ ಕೇಳಲೇ ಇಲ್ಲ. ಬರೆದದ್ದಕ್ಕೆ ಸಹಿ ಮಾಡು ಎಂದರು, ಮಾಡಿದ.

ಜಾಮೀನಿಗೆ, ವಕೀಲರಿಗೆ, ಓಡಾಟಕ್ಕೆ 22 ಸಾವಿರ ಖರ್ಚಾಯಿತು. ಅಕ್ಕ ತನ್ನ ಬೋರಮಾಳ ಒತ್ತೆ ಇಟ್ಟಳು. ಎಲ್ಲಿ ಇಟ್ಟಳು ಅಂತೀರಾ? ಅದೇ ಸಾಹುಕಾರನ ಹತ್ತಿರ. ಊರಲ್ಲಿ ರಾತ್ರೋರಾತ್ರಿ ದುಡ್ಡು ಕೊಡುವವರು ಬೇರೆ ಯಾರಿದ್ದಾರೆ? ಹುಡುಗ ಈಗ ಅವನಿಗೆ ಬಡ್ಡಿ ತೀರಿಸಲು ಮತ್ತೆ ಅವನ ಹಿಂದೆಯೇ ತಿರುಗುತ್ತಾನೆ. ಕೇಸು ಹಾಕಿ ನೀವು ಅವನನ್ನು ಆ ಗುಂಪಿನಿಂದ ಬಿಡಿಸಲಿಲ್ಲ. ಅದರೊಳಗೆ ಕಟ್ಟಿಹಾಕಿದಿರಿ. ಜಾಮೀನಿನ ಮೇಲೆ ಬಂದ ದಿನ ಅವನು ನನ್ನನ್ನು ಕೇಳಿದ ಮಾತು ಇದು: "ಚಿಗವ್ವ, ಫೋನ್ ಮಾಡಿದಾಕಿ ನೀನ ಹೌದಲ್ಲೋ?" ಅಕ್ಕ ನನ್ನ ಜೊತೆ ಮಾತು ಬಿಟ್ಟು ಆರು ತಿಂಗಳಾಯಿತು. ನಾಗರ ಪಂಚಮಿಗೂ ಬರಲಿಲ್ಲ, ಕರೆಯಲೂ ಇಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಆ ಅಪರಿಚಿತ ವ್ಯಕ್ತಿ ಯಾರು? ಅವನ ಹೆಸರು ಬರೆಸಿ.

ನಿಯಮ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ ನಿಮ್ಮದೇ ಇಲಾಖೆಯದು. 32ನೇ ಕಲಂ, 34ನೇ ಕಲಂ ಹುಡುಗನ ಮೇಲೆ ಹಾಕಿದ್ದೀರಿ. ಲೈಸೆನ್ಸ್ ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ 29ನೇ ಕಲಂನಲ್ಲಿ ಇದೆ. ಅದನ್ನು ಯಾಕೆ ಮುಟ್ಟುವುದಿಲ್ಲ? ಒಬ್ಬ ಗಿರಾಕಿಗೆ ಇಷ್ಟಕ್ಕಿಂತ ಜಾಸ್ತಿ ಕೊಡುವ ಹಾಗಿಲ್ಲ ಎಂಬ ಮಿತಿ ಇದೆ. ಅದು ಮೂರು ಲೀಟರ್ ಕೂಡ ಇಲ್ಲ. ಒಂದು ಬಾಕ್ಸ್ ಅಂದರೇ 8.64 ಲೀಟರ್. ಹಾಗಾದರೆ ಒಡೆಯದ ಬಾಕ್ಸ್ ಹಳ್ಳಿಯಲ್ಲಿ ಸಿಕ್ಕಿತು ಅಂದರೆ ಯಾವುದೋ ಒಂದು ಲೈಸೆನ್ಸ್ ಅಂಗಡಿ ನಿಯಮ ಮುರಿದಿದೆ ಎಂದೇ ಅರ್ಥ ಅಲ್ವಾ? ಇದಕ್ಕೆ ತನಿಖೆ ಬೇಕಾ?

ಸರಿ, ತನಿಖೆಯನ್ನೂ ನಾನೇ ಮಾಡಿದೆ.

ಹುಡುಗ ಸಿಕ್ಕಿಬಿದ್ದ ಮೇಲೆ ನನಗೆ ನಿದ್ದೆ ಬರುತ್ತಿರಲಿಲ್ಲ. ಶಾಲೆಯ ಅಂಗಳದಲ್ಲಿ ಸಿಕ್ಕ ಖಾಲಿ ಪಾಕೀಟುಗಳನ್ನು ಸುಡುವುದು ಬಿಟ್ಟು ಗೊಬ್ಬರದ ಚೀಲದಲ್ಲಿ ತುಂಬಲು ಶುರು ಮಾಡಿದೆ. ಪ್ರತಿ ಪಾಕೀಟಿನ ಮೇಲೆ ಬ್ಯಾಚ್ ನಂಬರು, ತಯಾರಾದ ದಿನ ಅಚ್ಚಾಗಿರುತ್ತದೆ. ರಾತ್ರಿ ಮಗಳು ಮೊಬೈಲ್ ಬೆಳಕು ಹಿಡಿಯುತ್ತಿದ್ದಳು, ನಾನು ಸಂಘದ ಹಳೆಯ ಪುಸ್ತಕದಲ್ಲಿ ಬರೆಯುತ್ತಿದ್ದೆ. 21 ದಿನ ಬರೆದೆ. ಒಟ್ಟು 412 ಪಾಕೀಟು. ಅದರಲ್ಲಿ 338 ಪಾಕೀಟಿನ ಮೇಲೆ ಇದ್ದದ್ದು ಎರಡೇ ಎರಡು ಬ್ಯಾಚ್ ನಂಬರು. ಮನೆ ತುಂಬ ಸೆರೆಯ ವಾಸನೆ. ಗಂಡ ಹೋಗಿ ಹತ್ತು ವರ್ಷ ದಾಟಿದ ಮೇಲೆ ಮತ್ತೆ ಆ ವಾಸನೆಯಲ್ಲಿ ಮಲಗಿದೆ.

ರಾಜ್ಯದಲ್ಲಿ ಅಂಗಡಿಗಳು ಮಾರುವ ಇಂಥ ಮದ್ಯವೆಲ್ಲ ಸರ್ಕಾರದ ಪಾನೀಯ ನಿಗಮದ ಡಿಪೋ ಮೂಲಕವೇ ಅಂಗಡಿಗೆ ಹೋಗುತ್ತದೆ. ಯಾವ ದಿನ, ಯಾವ ಅಂಗಡಿಗೆ, ಎಷ್ಟು ಬಾಕ್ಸ್ ಎಂದು ಬಿಲ್ಲು ಇರುತ್ತದೆ. ಒಂದು ಬ್ಯಾಚು ಹತ್ತು ಅಂಗಡಿಗೆ ಹೋಗಿರಬಹುದು, ನನಗೂ ಅರ್ಥವಾಗುತ್ತದೆ. ಹತ್ತು ಅಂಗಡಿಯ ರಿಜಿಸ್ಟರ್ ತೆಗೆಸಿ ನೋಡಲಿ. ಎಷ್ಟು ಬಾಕ್ಸ್ ಬಂತು, ಎಷ್ಟು ಬಾಕ್ಸ್ ಬಿಡಿಯಾಗಿ ಮಾರಾಟವಾಯಿತು, ಕ್ಯಾಮೆರಾದಲ್ಲಿ ಏನಿದೆ ಎಂದು ನೋಡಲಿ. ಎರಡು ದಿನದ ಕೆಲಸ. ನಮ್ಮ ಸಂಘದಲ್ಲಿ ಐವತ್ತು ರೂಪಾಯಿ ಹೆಚ್ಚುಕಡಿಮೆ ಆದರೆ ಬ್ಯಾಂಕಿನವರು ಹುಡುಕಿ ತೆಗೆಯುತ್ತಾರೆ.

ಆ ಪುಸ್ತಕದ ಜೆರಾಕ್ಸ್ ಮಾಡಿಸಿ ಕಚೇರಿಗೆ ಕೊಂಡು ಹೋದೆ. ಮೂರು ಗಂಟೆ ಕೂರಿಸಿದರು. ಆಮೇಲೆ ಒಬ್ಬರು ಹಾಳೆ ತಿರುವಿ, "ಇದೆಲ್ಲ ಸಾಕ್ಷಿ ಆಗೋದಿಲ್ಲಮ್ಮ, ಕಸದಲ್ಲಿ ಸಿಕ್ಕಿದ್ದು" ಎಂದರು. ಸ್ವೀಕೃತಿ ಕೊಡಿ ಎಂದು ಹಟ ಹಿಡಿದೆ. ಸೀಲ್ ಹಾಕಿ ಕೊಟ್ಟರು. ನಾಲ್ಕು ತಿಂಗಳಾಯಿತು. ಒಂದು ಸಾಲಿನ ಉತ್ತರ ಬಂದಿಲ್ಲ. ಕಸದಲ್ಲಿ ಸಿಕ್ಕಿದ್ದು ಸಾಕ್ಷಿ ಆಗದಿದ್ದರೆ ಹೋಗಲಿ, ಹುಡುಗನ ಬೈಕಿನ ಮೇಲೆ ಸಿಕ್ಕ ಎರಡು ಬಾಕ್ಸ್ ನಿಮ್ಮದೇ ಇಲಾಖೆಯ ಕೋಣೆಯಲ್ಲಿ ಸೀಲ್ ಆಗಿ ಕೂತಿವೆ. ಅದರ ಮೇಲೂ ನಂಬರ್ ಇದೆ. ಅದನ್ನಾದರೂ ಓದಿಸಿ. ಕೊಟ್ಟ ಅಂಗಡಿಯ ಹೆಸರು ಬರೆಸಿ.

ಇದು ನಮ್ಮೂರೊಂದರ ಕಥೆ ಎಂದು ನೀವು ಪಕ್ಕಕ್ಕಿಡಬಾರದು. ಅದಕ್ಕೆ ನನಗೆ ಗೊತ್ತಿರುವ ಸ್ವಲ್ಪವನ್ನು ಬರೆಯುತ್ತೇನೆ.

ನಮ್ಮ ಮಾವನವರು ವಯಸ್ಸಿನಲ್ಲಿ ಮುಂಬೈಗೆ ಗಾರೆ ಕೆಲಸಕ್ಕೆ ಹೋಗಿದ್ದರು. ಧಾರಾವಿಯಲ್ಲಿ ಇದ್ದರು. ಅಲ್ಲಿ 1949ರಿಂದ ಪಾನನಿಷೇಧದ ಕಾಯ್ದೆ ಇತ್ತು. ನಮ್ಮ ಧಾರವಾಡ, ಬೆಳಗಾವಿಯೂ ಆಗ ಅದೇ ಮುಂಬೈ ಪ್ರಾಂತ್ಯದಲ್ಲಿ ಇದ್ದವು. ಕಾಯ್ದೆ ಇದ್ದರೂ ಗಲ್ಲಿಗಲ್ಲಿಯಲ್ಲಿ ಬಟ್ಟಿ ಇಳಿಸುತ್ತಿದ್ದರಂತೆ. ರೈಲ್ವೆ ಸ್ಟೇಷನ್ನಿನಲ್ಲಿ ಹಮಾಲಿ ಮಾಡಿಕೊಂಡಿದ್ದ ವರದರಾಜನ್ ಮುದಲಿಯಾರ್ ಆ ಕಳ್ಳ ದಾರುವಿನ ದಂಧೆಯಿಂದಲೇ ದೊಡ್ಡ ಡಾನ್ ಆದ. ಜಗಳ ಆದರೆ ಜನ ಠಾಣೆಗೆ ಹೋಗುವುದು ಬಿಟ್ಟು ಅವನ ಹತ್ತಿರ ನ್ಯಾಯ ಕೇಳಲು ಹೋಗುತ್ತಿದ್ದರು ಎಂದು ಮಾವನವರು ಹೇಳುತ್ತಿದ್ದರು. ನಾನು ಆಗ ಅದನ್ನು ಕಥೆಯಂತೆ ಕೇಳಿದ್ದೆ. ಈಗ ನಮ್ಮೂರಲ್ಲಿ ಹೊಲದ ಬದುವಿನ ಜಗಳ ಸಾಹುಕಾರನ ಮುಂದೆ ತೀರ್ಮಾನ ಆಗುತ್ತದೆ.

ಗುಜರಾತ್‌ನಲ್ಲಿ ರಾಜ್ಯ ಹುಟ್ಟಿದಾಗಿನಿಂದ ಪಾನನಿಷೇಧ ಇದೆ. ಅಹಮದಾಬಾದಿನ ಅಬ್ದುಲ್ ಲತೀಫ್ ಕಳ್ಳ ಮದ್ಯ ಮಾರಿ ಬೆಳೆದವನು. 1987ರಲ್ಲಿ ಜೈಲಿನಲ್ಲಿದ್ದುಕೊಂಡೇ ಮಹಾನಗರ ಪಾಲಿಕೆಯ ಐದು ವಾರ್ಡಿಗೆ ನಿಂತು ಐದರಲ್ಲೂ ಗೆದ್ದ. 2022ರ ಜುಲೈನಲ್ಲಿ ಅದೇ ಗುಜರಾತಿನ ಬೋಟಾದ್ ಕಡೆ ಕಾರ್ಖಾನೆಯಿಂದ ಕದ್ದ ಮಿಥೆನಾಲ್ ಎಂಬ ವಿಷದ ರಾಸಾಯನಿಕಕ್ಕೆ ನೀರು ಬೆರೆಸಿ ಮಾರಿದರು. 40ಕ್ಕೂ ಹೆಚ್ಚು ಜನ ಸತ್ತರು. ಬಿಹಾರದಲ್ಲಿ 2016ರಿಂದ ನಿಷೇಧ ಇದೆ. ಕೋರ್ಟುಗಳು ಜಾಮೀನು ಅರ್ಜಿಗಳಿಂದ ತುಂಬಿಹೋದವು. ಸಿಕ್ಕವರು ಕುಡಿದವರು, ಹೊತ್ತವರು. ಆದರೂ 2022ರ ಡಿಸೆಂಬರ್‌ನಲ್ಲಿ ಸಾರಣ್ ಜಿಲ್ಲೆಯಲ್ಲಿ ವಿಷದ ಮದ್ಯ ಕುಡಿದು 70ಕ್ಕೂ ಹೆಚ್ಚು ಜನ ಹೋದರು. ಕೇರಳದಲ್ಲಿ 1996ರಲ್ಲಿ ಸಾರಾಯಿ ನಿಲ್ಲಿಸಿದರು. 2000ದಲ್ಲಿ ಕಲ್ಲುವಾದುಕ್ಕಲ್‌ನಲ್ಲಿ 31 ಜನ ಸತ್ತರು.

ನಮ್ಮಲ್ಲೂ ಆಯಿತು. ಸಾರಾಯಿ ನಿಲ್ಲಿಸಿ ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಪಕ್ಕದ ತಮಿಳುನಾಡಿನಲ್ಲಿ 150ಕ್ಕೂ ಹೆಚ್ಚು ಜನ ಕಳ್ಳಬಟ್ಟಿಗೆ ಬಲಿಯಾದರು. ನಮ್ಮ ರಾಯಚೂರಿನ ಸೇಂದಿಯ ಕಥೆ ನಿಮ್ಮ ಅಧಿಕಾರಿಗಳಿಗೆ ಬಾಯಿಪಾಠ. ಮರದಿಂದ ಇಳಿಸುವುದು ನಿಂತಿತು. ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ಕಲಸಿದ ನೀರು ಸೇಂದಿ ಎಂಬ ಹೆಸರಿನಲ್ಲಿ ಬಂತು. ಕುಡಿದವನಿಗೆ ಮಂಪರು ಹಿಡಿಸುವ ಪೌಡರ್ ಅದು.

ಇಷ್ಟೆಲ್ಲ ಬರೆದದ್ದು ನಿಷೇಧ ತಪ್ಪು ಎಂದು ಹೇಳಲು ಅಲ್ಲ. ನಾನು ಹನ್ನೆರಡು ದಿನ ನಡೆದವಳು. ಆ ಇಳಕಲ್ ಸೀರೆ ಇನ್ನೂ ನನ್ನ ಪೆಟ್ಟಿಗೆಯಲ್ಲಿ ಇದೆ. ಆದರೆ ನಡೆಯುವಾಗ ನನಗೆ ಗೊತ್ತಿರದ ಒಂದು ಮಾತು ಈಗ ಗೊತ್ತಾಗಿದೆ. ಬಾಗಿಲಿಗೆ ಬೀಗ ಹಾಕಿ ಮಾಲು ಬರುವ ದಾರಿ ಬಿಟ್ಟರೆ, ಆ ದಾರಿಯಲ್ಲಿ ಗೂಂಡಾಗಳು ಬೆಳೆಯುತ್ತಾರೆ. ಸಾರಾಯಿ ನಿಲ್ಲಿಸಿದ ಸರ್ಕಾರ ದಾರಿ ಮುಚ್ಚಲಿಲ್ಲ. ಆಮೇಲೆ ಬಂದ ಯಾವ ಸರ್ಕಾರವೂ ಮುಚ್ಚಲಿಲ್ಲ. ನಿಮ್ಮದೂ ಮುಚ್ಚಿಲ್ಲ.

ಯಾಕೆ ಮುಚ್ಚುವುದಿಲ್ಲ ಎಂದು ನಾವು ಹಳ್ಳಿಯವರು ಯೋಚಿಸದೆ ಇಲ್ಲ. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಎಂದು ಗುರಿ ಇಟ್ಟಿರಿ. ಗುರಿ ಇಟ್ಟರೆ ಡಿಪೋದಿಂದ ಮಾಲು ಎತ್ತಲೇಬೇಕು. ಅಂಗಡಿಯವನು ಎತ್ತಿದ ಮಾಲನ್ನು ಕೌಂಟರಿನಲ್ಲಿ ಪೂರ್ತಿ ಮಾರಲು ಆಗದಿದ್ದರೆ ಏನು ಮಾಡುತ್ತಾನೆ? ಕತ್ತಲಾದ ಮೇಲೆ ಹಿಂಬಾಗಿಲಿನಿಂದ ಸಾಹುಕಾರನಿಗೆ ಕೊಡುತ್ತಾನೆ. ನಮ್ಮೂರಿನ ನಾಲ್ಕು ಬಾಕ್ಸೂ ನಿಮ್ಮ ಗುರಿಯ ಲೆಕ್ಕದಲ್ಲಿ ಸೇರಿಕೊಂಡಿವೆ ಸ್ವಾಮಿ. ನನ್ನ ಗಂಡ ಕುಡಿದದ್ದೂ ಯಾವುದೋ ವರ್ಷದ ಲೆಕ್ಕದಲ್ಲಿ ಇದೆ. ಈ ಮಾತು ಕಟುವಾಯಿತು. ಕ್ಷಮಿಸಿ ಎಂದು ಬರೆಯೋಣ ಎಂದುಕೊಂಡೆ, ಮನಸ್ಸು ಬರಲಿಲ್ಲ.

ಸಿಬ್ಬಂದಿ ಕಡಿಮೆ ಎಂದು ಹೇಳುತ್ತೀರಿ. ಇರಬಹುದು. ಆದರೆ ರಿಜಿಸ್ಟರ್ ತೆಗೆದು ಬ್ಯಾಚ್ ನಂಬರ್ ಹೊಂದಿಸಲು ಜೀಪು ಬೇಡ, ಲಾಠಿ ಬೇಡ. ಮಗಳು ಒಂದು ಮಾತು ಹೇಳಿದಳು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಮದ್ಯ ನಿಷೇಧ ಇತ್ತಂತೆ. ಆಗ ಕಳ್ಳ ಮದ್ಯದಿಂದ ಬೆಳೆದ ಅಲ್ ಕಪೋನ್ ಎಂಬ ದೊಡ್ಡ ಗೂಂಡಾನನ್ನು 1931ರಲ್ಲಿ ಜೈಲಿಗೆ ಹಾಕಿದ್ದು ಮದ್ಯದ ಕೇಸಿನಲ್ಲಿ ಅಲ್ಲ. ತೆರಿಗೆ ಕಟ್ಟದ ಕೇಸಿನಲ್ಲಿ, ಲೆಕ್ಕದ ಪುಸ್ತಕ ಹಿಡಿದು. 11 ವರ್ಷ ಶಿಕ್ಷೆ ಆಯಿತು. ಬಂದೂಕು ಹಿಡಿದವರಿಗೆ ಆಗದ್ದನ್ನು ಲೆಕ್ಕ ಬರೆಯುವವರು ಮಾಡಿದರು. ಅದನ್ನು ಕೇಳಿದ ಮೇಲೆಯೇ ನಾನು ಆ ಗೊಬ್ಬರದ ಚೀಲ ಹಿಡಿದದ್ದು.

ಇನ್ನೊಂದು ಕಾಯ್ದೆಯೂ ನಿಮ್ಮ ಸರ್ಕಾರದ ಕೈಯಲ್ಲಿ ಇದೆ. ಎಲ್ಲರೂ ಗೂಂಡಾ ಕಾಯ್ದೆ ಎನ್ನುತ್ತಾರಲ್ಲ, 1985ರದ್ದು. ಅದರ ಪೂರ್ತಿ ಹೆಸರನ್ನು ನಮ್ಮ ವಕೀಲರು ಓದಿ ಹೇಳಿದರು. ಆ ಉದ್ದ ಹೆಸರಿನಲ್ಲಿ ಗೂಂಡಾಗಳಿಗಿಂತ ಮೊದಲು ಬರುವವರು ಕಳ್ಳಭಟ್ಟಿ ದಂಧೆಯವರು.  ಸಾಹುಕಾರನಂಥವರ ಮೇಲೆ ಅದನ್ನು ಬಳಸಿ. 20 ವರ್ಷದ ಹುಡುಗರ ಮೇಲೆ ಬಳಸಬೇಡಿ.

ಕಳೆದ ಪಂಚಾಯಿತಿ ಚುನಾವಣೆಯಲ್ಲಿ ಸಾಹುಕಾರ ತನ್ನ ಅಣ್ಣನ ಹೆಂಡತಿಯನ್ನು ನಿಲ್ಲಿಸಿದ್ದ. ಮನೆಮನೆಗೆ ಪಾಕೀಟು ಹೋಯಿತು. ಗೆದ್ದಳು. ಶಾಲೆಯ ಕಾಂಪೌಂಡ್ ಎತ್ತರಿಸಿ ಎಂದು ನಾವು ಈಗ ಅರ್ಜಿ ಕೊಡಬೇಕಾದದ್ದು ಅವಳಿಗೇ.

ನನ್ನ ಬೇಡಿಕೆ ಮತ್ತೆ ಬರೆಯುತ್ತೇನೆ. ಹಳ್ಳಿಯಲ್ಲಿ ಬಾಕ್ಸ್ ಸಿಕ್ಕರೆ ಬ್ಯಾಚ್ ನಂಬರಿನಿಂದ ಅಂಗಡಿ ಹುಡುಕಬೇಕು ಎಂದು ರಾಜ್ಯಕ್ಕೆಲ್ಲ ಒಂದು ಆದೇಶ ಹೊರಡಿಸಿ. ಆ ಅಂಗಡಿಯವನನ್ನು ಆರೋಪಿ ಮಾಡಿ. ಮೊದಲ ಸಲ ಸಿಕ್ಕರೆ ಲೈಸೆನ್ಸ್ ಅಮಾನತು, ಎರಡನೇ ಸಲ ರದ್ದು. ಎಫ್‌ಐಆರ್‌ನಲ್ಲಿ "ಅಪರಿಚಿತ ವ್ಯಕ್ತಿ" ಎಂದು ಬರೆದು ಬಿಡುವ ಪದ್ಧತಿ ನಿಲ್ಲಿಸಿ. ದೂರು ಕೊಟ್ಟ ಹೆಣ್ಣುಮಗಳ ಮಾತು ಹೊರಗೆ ಹೋದರೆ, ಆ ಹೊತ್ತಿನಲ್ಲಿ ಫೋನ್ ಎತ್ತಿದವರನ್ನು ಕೇಳಿ. ನಾನು ಕರೆ ಮಾಡಿದ ದಿನ, ಹೊತ್ತು ಎರಡೂ ನನ್ನ ಮೊಬೈಲಿನಲ್ಲಿ ಹಾಗೇ ಇವೆ. ಅಳಿಸಿಲ್ಲ.

ಹುಡುಗನ ವಾಯಿದೆ ಬರುವ ತಿಂಗಳ 18ಕ್ಕೆ ಇದೆ. ಅವನು ತಪ್ಪು ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ಮಾಡಿದ್ದಾನೆ. ಕೋರ್ಟು ಏನು ಹೇಳುತ್ತದೋ ಅದಕ್ಕೆ ತಲೆಬಾಗುತ್ತಾನೆ. ಆದರೆ ಅಂದು ಕಟಕಟೆಯಲ್ಲಿ ಅವನೊಬ್ಬನೇ ನಿಂತಿರಬಾರದು. ಬಾಕ್ಸ್ ತರಿಸಿದವನೂ, ಬಾಕ್ಸ್ ಕೊಟ್ಟವನೂ ಪಕ್ಕದಲ್ಲಿ ನಿಂತಿರಬೇಕು. ಅಷ್ಟಾದರೆ ನಾನು ಅಕ್ಕನ ಮನೆಗೆ ಹೋಗಿ ಬಾಗಿಲು ಬಡಿಯಬಲ್ಲೆ.

ಆ ಪುಸ್ತಕದ ಮೂಲ ಪ್ರತಿ ನನ್ನ ಹತ್ತಿರ ಇದೆ. 17 ಹಾಳೆ. ಖಾಲಿ ಪಾಕೀಟಿನ ಚೀಲವನ್ನೂ ಎಸೆದಿಲ್ಲ. ಬೆಂಗಳೂರಿಗೆ ತನ್ನಿ ಎಂದರೆ ರಾತ್ರಿ ಬಸ್ಸಿಗೆ ಹತ್ತಿ ತರುತ್ತೇನೆ. ದಿನ ಹೇಳಿ.

ಇಂತಿ,
ರಾಯಚೂರು ಜಿಲ್ಲೆಯ ಒಬ್ಬ ಬಿಸಿಯೂಟದ ಅಡುಗೆಯವಳು